ಮಹಡಿಯ ಕೋಣೆಯ ಜರ್ಮನ್ ಹುಡುಗ

ಚಂದ್ರಾ ಲೇಔಟಿನ ನಮ್ಮ ಮನೆಯ ಮಹಡಿಯ ಮೇಲೆ ಒಂದು ಕೋಣೆಯುಂಟು. ಮಗನು ಉದ್ಯೋಗನಿಮಿತ್ತ ನಗರದ ಇನ್ನೊಂದು ತುದಿಗೆ ಹೋಗಿ ನೆಲೆಸಿದ ಮೇಲೆ ಅದು ನಮ್ಮ ಹಳೆಯ ಪುಸ್ತಕಗಳ ಪಾಲಾಗಿತ್ತು. 2023ರ ಆಗಸ್ಟ್ ತಿಂಗಳಿನಲ್ಲಿ ಪರಿಚಿತರೊಬ್ಬರು ಬಂದು, ಮೈಸೂರು ರಸ್ತೆಯ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಜರ್ಮನಿಯ ವಿದ್ಯಾರ್ಥಿಯೊಬ್ಬನು ತರಬೇತಿಗೆ ಬರುವನೆಂದೂ, ಹುಡುಗನು ಶಾಕಾಹಾರಿಯೆಂದೂ, ಆರು ತಿಂಗಳ ಮಟ್ಟಿಗೆ ಆತನಿಗೊಂದು ಶಾಂತವಾದ ಮನೆ ಬೇಕೆಂದೂ ಹೇಳಿದರು. ನಮ್ಮ ಮನೆಯವರು ಮೊದಲು ಹಿಂಜರಿದರು. ಆತನ ಭಾವಚಿತ್ರವನ್ನು ನೋಡಿದ ಮೇಲೆ, “ಪಾಪ, ಇನ್ನೂ ಮಗು ಇದ್ದ ಹಾಗಿದೆ, ಬರಲಿ ಬಿಡಿ” ಎಂದರು.

ಪರದೇಶದ ವಿದ್ಯಾರ್ಥಿಗಳು ಬೆಂಗಳೂರಿಗೆ ಕೆಲಸ ಕಲಿಯಲು ಬರುವುದು ಹೊಸತೇನಲ್ಲ. ಇನ್ಫೋಸಿಸ್ ಸಂಸ್ಥೆಯು 1999ರಲ್ಲಿಯೇ ‘ಇನ್‌ಸ್ಟೆಪ್’ ಎಂಬ ಹೆಸರಿನಲ್ಲಿ ಇಂಥ ತರಬೇತಿಯನ್ನು ಆರಂಭಿಸಿತ್ತು. ಆದರೂ ಇಲ್ಲಿಯವರು ವಿದ್ಯೆಗಾಗಿ ಅಲ್ಲಿಗೆ ಹೋಗುವುದನ್ನಷ್ಟೇ ಕಂಡಿದ್ದ ನಮಗೆ ಇದು ಸೋಜಿಗವೆನಿಸಿತು. ಹುಡುಗನು ಬಂದ ದಿನವೇ ನಾವು ಉತ್ಸಾಹದಿಂದ, “ನಿಮ್ಮ ದೇಶದ ಕಿಟೆಲ್ ಅವರು 1894ರಲ್ಲಿ ನಮ್ಮ ಭಾಷೆಗೆ ದೊಡ್ಡ ನಿಘಂಟನ್ನು ಕೊಟ್ಟರು” ಎಂದೆವು. ಆತನು ಆ ಹೆಸರನ್ನೇ ಕೇಳಿರಲಿಲ್ಲ. ನಮಗೆ ಸ್ವಲ್ಪ ನಿರಾಶೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿಯ ಕಡೆಗೆ ಹೋಗುವನು. ಸಂಜೆ ಬಂದು, ನಮ್ಮ ಜಗಲಿಯ ಮೇಲೆ ಕುಳಿತು ಆ ದಿನದ ವರದಿಯನ್ನು ಒಪ್ಪಿಸುವನು. ಇಂಗ್ಲಿಷು ಅವನಿಗೂ ಪರಭಾಷೆ, ನಮಗೂ ಪರಭಾಷೆ. ಆದ್ದರಿಂದ ಇಬ್ಬರೂ ನಿಧಾನವಾಗಿ ಮಾತನಾಡುತ್ತಿದ್ದೆವು, ಚೆನ್ನಾಗಿ ಅರ್ಥವಾಗುತ್ತಿತ್ತು.

ಮೊದಲ ವಾರದ ದೂರು ‘ಆಗುತ್ತದೆ’ ಎಂಬ ಮಾತಿನದು. ಒಂದು ಲೆಕ್ಕದ ಪಟ್ಟಿ ಸೋಮವಾರಕ್ಕೆ ಸಿದ್ಧವಾಗುವುದೇ ಎಂದು ಮೂವರನ್ನು ಕೇಳಿದನಂತೆ. ಮೂವರೂ ತಲೆಯಾಡಿಸಿ ಆಗುತ್ತದೆ ಎಂದರಂತೆ. ಸೋಮವಾರ ಅದು ಸಿದ್ಧವಾಗಿರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ ಯಾರಿಗೂ ಸಿಟ್ಟೂ ಬಂದಿರಲಿಲ್ಲ. “ಆಗುವುದಿಲ್ಲ ಎಂದು ಮೊದಲೇ ಏಕೆ ಹೇಳಲಿಲ್ಲ?” ಎಂದು ಕೇಳಿದನು. ಎದುರಿಗಿರುವವನ ಮುಖ ನೋಡಿ ಇಲ್ಲವೆನ್ನುವುದು ನಮ್ಮಲ್ಲಿ ಕಠೋರವಾದ ನಡತೆಯೆಂದೂ, ‘ನೋಡೋಣ’ ಎಂದರೆ ಬಹುಪಾಲು ಇಲ್ಲವೆಂದೇ ತಿಳಿಯಬೇಕೆಂದೂ ವಿವರಿಸಿದೆವು. ಮರುದಿನ ನಮ್ಮ ಮನೆಯವರು ಇನ್ನೊಂದು ರೊಟ್ಟಿ ಹಾಕಲೇ ಎಂದಾಗ ಆತನು ಗಂಭೀರವಾಗಿ “ನೋಡೋಣ” ಎಂದನು.

ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯಬೇಕೆಂಬುದು ಆ ಕಂಪನಿಯ ನಿಯಮವಂತೆ. ಹೆಸರು ಹಿಡಿದೇ ಕರೆಯುತ್ತಾರೆ. ಆದರೆ ಆತ ಎದ್ದು ಮನೆಗೆ ಹೊರಡುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಕೆಲಸವಿಲ್ಲದಿದ್ದರೂ ಪರದೆಯನ್ನು ನೋಡುತ್ತ ಕುಳಿತಿರುತ್ತಾರೆ. ಇದಕ್ಕೆ ನಮ್ಮ ಬಳಿ ಸಮಾಧಾನ ಹೇಳಲು ಏನೂ ಇರಲಿಲ್ಲ.

ಮಧ್ಯಾಹ್ನದ ಊಟ ಮಾತ್ರ ಆತನ ಮನಸ್ಸನ್ನು ಗೆದ್ದಿತ್ತು. ಮೊದಲ ದಿನ ತನ್ನ ಬ್ರೆಡ್ಡನ್ನೂ ಸೇಬನ್ನೂ ಹಿಡಿದು ಒಂದು ಮೂಲೆಗೆ ಹೋದನಂತೆ. ಎಂಟು ಡಬ್ಬಿಗಳು ಮೇಜಿನ ನಡುವೆ ತೆರೆದುಕೊಂಡವು. ಯಾರದೋ ಚಿತ್ರಾನ್ನ, ಯಾರದೋ ಪಲ್ಯ ಇವನ ಮುಂದಿನ ಮುಚ್ಚಳಕ್ಕೆ ಬಂದು ಬಿದ್ದವು. ಆ ಸೇಬು ಒಂಬತ್ತು ಹೋಳಾಯಿತು. ಸಿದ್ಧಗಂಗೆಯ ಮಠದ ವಿದ್ಯಾರ್ಥಿನಿಲಯದಲ್ಲಿ ಸಾವಿರಾರು ಹುಡುಗರ ಪಂಕ್ತಿಯಲ್ಲಿ ಉಂಡು ಬೆಳೆದ ನಮಗೆ ಇದನ್ನು ಕೇಳಿ ಸಂತೋಷವಾಯಿತು. ಆ ಸಂತೋಷದಲ್ಲಿದ್ದಾಗಲೇ ಆತನು, “ಚಹಾ ತರುವ ಅಣ್ಣ ಮಾತ್ರ ನಮ್ಮ ಜೊತೆ ಕೂರುವುದಿಲ್ಲ. ಅವರು ಮೆಟ್ಟಿಲ ಕೆಳಗೆ ಒಬ್ಬರೇ ಊಟ ಮಾಡುತ್ತಾರೆ” ಎಂದನು.

ಕನ್ನಡ ಕಲಿಸಿರೆಂದು ಆತನೇ ಕೇಳಿಕೊಂಡನು. ತರಕಾರಿ ಮಾರುವಾಕೆ ನಮ್ಮನ್ನು ಕರೆಯುವುದನ್ನು ಕೇಳಿ ತಾನೂ ‘ಮೇಷ್ಟ್ರೇ’ ಎನ್ನತೊಡಗಿದ್ದನು. ಕಲಿಸಿದ ಮೊದಲ ವಾಕ್ಯ ‘ಊಟ ಆಯ್ತಾ?’ ಎಂಬುದು. ಅದನ್ನು ಕಚೇರಿಗೆ ಕೊಂಡೊಯ್ದನು. ಅವನ ತಂಡದ ಒಂಬತ್ತು ಜನರಲ್ಲಿ ಇಬ್ಬರು ಕನ್ನಡಿಗರು. ಅವರಿಬ್ಬರೂ ನಕ್ಕು ಇಂಗ್ಲಿಷಿನಲ್ಲಿ ಆಯಿತೆಂದರು. ಬಾಗಿಲಲ್ಲಿ ನಿಲ್ಲುವ ಕಾವಲುಗಾರ, ನೆಲ ಒರೆಸುವ ಹೆಂಗಸು, ಚಹಾ ತರುವ ಅಣ್ಣ, ಈ ಮೂವರು ಮಾತ್ರ ಮುಖವರಳಿಸಿ ಕನ್ನಡದಲ್ಲಿಯೇ ಉತ್ತರ ಕೊಟ್ಟರು. ಅಂದಿನಿಂದ ಅವರೇ ಅವನ ಗುರುಗಳಾದರು. ಒಂದು ಸಂಜೆ ಆತನು ಯಾವ ದುರುದ್ದೇಶವೂ ಇಲ್ಲದೆ ಆಡಿದ ಮಾತು ನಮ್ಮನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸಿತು: “ಮೇಷ್ಟ್ರೇ, ನಮ್ಮ ಆಫೀಸಿನಲ್ಲಿ ಕೂತವರಿಗೆ ಕನ್ನಡ ಬೇಡ. ನಿಂತವರು ಮಾತ್ರ ಮಾತಾಡ್ತಾರೆ.”

ಆಯುಧಪೂಜೆಗೆ ರಜೆಯಿದ್ದ ಕಾರಣ ಕಚೇರಿಯಲ್ಲಿ ಮೂರು ದಿನ ಮುಂಚೆಯೇ ಪೂಜೆ ನಡೆಯಿತು. ಗಣಕಯಂತ್ರಗಳಿಗೆಲ್ಲ ಕುಂಕುಮ, ಹೂವು. ಬೂದುಗುಂಬಳಕಾಯಿಯನ್ನು ಕೊರೆದು ಕುಂಕುಮ ತುಂಬಿ ದೃಷ್ಟಿ ತೆಗೆದು ಒಡೆಯುವ ಕ್ರಮ ಅಲ್ಲಿನ ಪದವೀಧರರಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಚಹಾದ ಅಣ್ಣನನ್ನು ಕರೆದರು. ಅಂದು ಅವರು ಮುಂದೆ, ಮೇಲಧಿಕಾರಿಯೂ ಸೇರಿ ಎಲ್ಲರೂ ಹಿಂದೆ. “ಆ ಒಂದು ದಿನ ಎಲ್ಲರೂ ಅವರ ಮಾತು ಕೇಳಿದರು” ಎಂದನು ಹುಡುಗ. ಒಡೆದ ಕುಂಬಳಕಾಯಿಯನ್ನು ರಸ್ತೆಯಲ್ಲೇ ಬಿಟ್ಟರೆ ಸ್ಕೂಟರು ಜಾರುವುದಿಲ್ಲವೇ ಎಂದೂ ಕೇಳಿದನು. ಜಾರುತ್ತದೆ ಎಂದೆವು.

ಆ ವರ್ಷದ ಆಯುಧಪೂಜೆ ಅಕ್ಟೋಬರ್ 23ರಂದು ಬಿದ್ದಿತ್ತು. ಕಿತ್ತೂರಿನ ಕದನ ನಡೆದದ್ದೂ 1824ರ ಅಕ್ಟೋಬರ್ 23ರಂದೇ. ರಜೆಯ ದಿನ ಜಗಲಿಯಲ್ಲಿ ಕುಳಿತು ಆ ಕಥೆಯನ್ನು ಹೇಳಿದೆವು. ರಾಣಿ ಚೆನ್ನಮ್ಮನವರ ಶೌರ್ಯವು ನಮ್ಮ ಮನೆಮನೆಗೂ ತಿಳಿದದ್ದೇ. ನಾವು ಹೇಳಹೊರಟದ್ದು ಅಂದು ಸೆರೆಸಿಕ್ಕ ಒಬ್ಬ ತರುಣನ ವಿಚಾರ. ವಾಲ್ಟರ್ ಎಲಿಯಟ್ ಎಂಬಾತನು ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಕಲಿತು ಮದರಾಸಿಗೆ ಬಂದು, ಅಲ್ಲಿಂದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಸಹಾಯಕನಾಗಿ ಸೇರಿದ್ದನು. ವಯಸ್ಸು 21, ನಮ್ಮ ಮಹಡಿಯ ಹುಡುಗನಿಗಿಂತ ಒಂದು ವರ್ಷ ಕಿರಿಯ. ಕದನದಲ್ಲಿ ಥ್ಯಾಕರೆ ಹತನಾದನು. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾಳುಗಳಾದರು. ಡಿಸೆಂಬರಿನ ಆರಂಭದಲ್ಲಿ ಕಿತ್ತೂರಿನವರು ಅವರನ್ನು ಜೀವಸಹಿತ ಬಿಟ್ಟುಕೊಟ್ಟರು. ಆದರೂ ಕಂಪನಿ ಸರಕಾರವು ಕೋಟೆಯನ್ನು ಹಿಡಿಯಿತು. ರಾಣಿಯವರು 1829ರಲ್ಲಿ ಬೈಲಹೊಂಗಲದ ಬಂಧನದಲ್ಲಿ ಲಿಂಗೈಕ್ಯರಾದರು.

“ನಿಮ್ಮ ಮೊದಲ ಕೆಲಸ ಇದಕ್ಕಿಂತ ಸುಲಭವಲ್ಲವೇ?” ಎಂದೆವು. ಹುಡುಗನು ನಕ್ಕನು. ಆದರೆ ನಮ್ಮ ಮನಸ್ಸಿನಲ್ಲಿದ್ದದ್ದು ಆ ಬಳಿಕದ ಭಾಗ. ಪೇಶ್ವೆಯರ ಆಳಿಕೆಯಿಂದ ಬಂದ ರೂಢಿಯಂತೆ ಧಾರವಾಡದ ಕಚೇರಿಗಳಲ್ಲಿ ಮರಾಠಿಯೇ ನಡೆಯುತ್ತಿತ್ತು. ಅರ್ಜಿ ಹಿಡಿದು ಹೊರಗೆ ನಿಂತ ರೈತನು ಆಡುತ್ತಿದ್ದದ್ದು ಕನ್ನಡ. ಒಳಗೆ ಕುಳಿತವರಿಗೆ ಕೇಳಿಸದ ಈ ವ್ಯತ್ಯಾಸ ಹೊರಗಿನಿಂದ ಬಂದ ಎಲಿಯಟ್‌ಗೆ ಕೇಳಿಸಿತು. ಆ ಪ್ರಾಂತದಲ್ಲಿ ಕನ್ನಡ ಶಾಲೆಗಳು ಬೇಕೆಂದವರಲ್ಲಿ ಆತ ಮೊದಲಿಗರಲ್ಲೊಬ್ಬ. ಊರೂರು ತಿರುಗಿ 595 ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದನು. ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯೊಳಗೇ ಇದ್ದುಕೊಂಡು ಮರಾಠಿ ಶಾಲೆಗಳ ಜಾಗದಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದ್ದನ್ನು ನಮ್ಮ ಸಮಾಜವು ಮರೆಯುವಂತಿಲ್ಲ. ಅವರು ದುಡಿದದ್ದು ಕುರ್ಚಿಯಲ್ಲಿ ಕುಳಿತೇ ಎಂಬುದನ್ನೂ ಮರೆಯಬಾರದು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಮೊದಲ ಆಫೀಸು ಹೇಗಿತ್ತು ಮೇಷ್ಟ್ರೇ?” ಎಂದು ಕೇಳಿದನು.

ನಾವು ಕಾಲೇಜಿನ ಅಧ್ಯಾಪಕ ವೃತ್ತಿಗೆ ಸೇರುವ ಮುನ್ನ, 1984ರಲ್ಲಿ, ಈ ನಗರದ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರಾಗಿದ್ದೆವು. ಸೇರಿದ ಎರಡನೆಯ ವಾರ ಊರಿನ ಜಾತ್ರೆಗೆಂದು ರಜೆಯ ಅರ್ಜಿಯನ್ನು ನಮ್ಮ ಕೈಬರಹದಲ್ಲಿ, ಒಳ್ಳೆಯ ಕನ್ನಡದಲ್ಲಿ ಬರೆದು ಕೊಟ್ಟೆವು. ಅಧಿಕಾರಿಗಳು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಎಲ್ಲರೂ ನೋಡುವಂತೆ ಜವಾನನ ಕೈಯಲ್ಲಿ ಹಿಂದಕ್ಕೆ ಕಳುಹಿಸಿದರು. ಸ್ನಾತಕೋತ್ತರ ಪದವಿಯ ಹೆಮ್ಮೆ ಅಲ್ಲಿಗೆ ಇಳಿಯಿತು. ಆ ಜವಾನನು ಏನೂ ಹೇಳದೆ ಹಾಳೆಯನ್ನು ಟೈಪಿಸ್ಟರ ಬಳಿ ಒಯ್ದು, ಇಂಗ್ಲಿಷಿನಲ್ಲಿ ಹೊಡೆಸಿಕೊಂಡು ಬಂದು, ಸಹಿ ಮಾಡಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದರು. ನಾವು ಸಹಿ ಮಾಡಿದೆವು. ಜಾತ್ರೆಗೂ ಹೋದೆವು. ಅಲ್ಲಿ 19 ತಿಂಗಳು ದುಡಿದೆವು.

“ಅವರ ಹೆಸರೇನು?” ಎಂದನು ಹುಡುಗ.

ನಮಗೆ ಗೊತ್ತಿರಲಿಲ್ಲ. 19 ತಿಂಗಳಲ್ಲಿ ಒಂದು ದಿನವೂ ಅವರ ಹೆಸರನ್ನಾಗಲಿ ಊರನ್ನಾಗಲಿ ಕೇಳಿರಲಿಲ್ಲ. ಅಧಿಕಾರಿಯ ಹೆಸರು ಮಾತ್ರ ಈಗಲೂ ಇನಿಷಿಯಲ್ ಸಹಿತ ನೆನಪಿದೆ.

ಡಿಸೆಂಬರ್ 27ರಂದು ಅಂಗಡಿಗಳ ನಾಮಫಲಕದಲ್ಲಿ ಕನ್ನಡ ಇರಬೇಕೆಂದು ನಗರದಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಫಲಕದಲ್ಲಿ ಕನ್ನಡವಿರಬೇಕಾದದ್ದು ನ್ಯಾಯವೇ. ಫಲಕದ ಒಳಗಿನ ಮಾತನ್ನು ಯಾವ ಕಾಯಿದೆ ಬದಲಿಸೀತೆಂಬುದು ನಮಗೆ ತೋಚುತ್ತಿಲ್ಲ. ನಮ್ಮ ಮಗನೇ ಭಾನುವಾರಗಳಂದು ಬಂದಾಗ, ಆ ಹುಡುಗನು ತೊದಲುತ್ತ ಕನ್ನಡದಲ್ಲಿ ಕೇಳಿದ್ದಕ್ಕೆ ಸರಾಗವಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದನು. ನಮ್ಮ ಮನೆಯವರು ನಗುತ್ತಿದ್ದರು.

2024ರ ಜನವರಿಯ ಕೊನೆಯ ಭಾನುವಾರ ಹುಡುಗನನ್ನು ಬೀಳ್ಕೊಡಲು ಹೋಳಿಗೆಯ ಅಡಿಗೆ ಮಾಡಿಸಿದೆವು. ಯಾರನ್ನು ಕರೆಯಬೇಕೆಂದು ಕೇಳಿದಾಗ ಆತನು ಚಹಾದ ಅಣ್ಣನ ಹೆಸರನ್ನೇ ಹೇಳಿದನು. ಅವರು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಬಾಗಿಲ ಬಳಿಯೇ ನಿಂತರು. ಮೇಜಿನತ್ತ ಕರೆದರೆ “ಪರವಾಗಿಲ್ಲ ಸಾರ್, ಇಲ್ಲೇ ಇರ್ತೀನಿ” ಎಂದರು. ಹುಡುಗನು ಕುರ್ಚಿಯನ್ನು ಎಳೆದು, “ಕೂತ್ಕೊಳ್ಳಿ ಅಣ್ಣ” ಎಂದನು. ಕುಳಿತರು, ಆದರೆ ಕುರ್ಚಿಯ ಅಂಚಿನಲ್ಲಿ.

ಎದುರಿಗೆ ನಮ್ಮ ಮಗನಿದ್ದನು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಎರಡನೆಯ ಹೋಳಿಗೆಗೆ ತುಪ್ಪ ಬಡಿಸುವ ವೇಳೆಗೆ ಮಗನು, ಏನು ತೋರಿತೋ, “ಯಾವೂರು ನಿಮ್ಮದು?” ಎಂದನು.

“ಕುಣಿಗಲ್ ಹತ್ರ ಸಾರ್. ಎಡಿಯೂರು ದಾಟಿ ಒಳಗೆ ಹೋಗ್ಬೇಕು.”

“ಎಡಿಯೂರಾ? ನಮ್ಮಜ್ಜಿ ಊರು ಅಲ್ಲೇ!”

ಅಲ್ಲಿಂದ ಮಾತು ಸಿದ್ಧಲಿಂಗೇಶ್ವರರ ತೇರಿಗೆ ಹೋಯಿತು, ಕೆರೆಗೆ ಹೋಯಿತು, ಈ ಸಲ ರಾಗಿ ಹೇಗಾಯಿತೆಂಬುದಕ್ಕೆ ಹೋಯಿತು. ಆ ವೇಗದ ಕನ್ನಡ ಜರ್ಮನಿಯ ಹುಡುಗನಿಗೆ ಅರ್ಥವಾಗಲಿಲ್ಲ. ಆತನು ನಮ್ಮ ಮನೆಯವರತ್ತ ತಟ್ಟೆ ಚಾಚಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡನು.