ಮಾಮಲೇದಾರರ ಹೆಸರು, ಮುರ್ಡೇಶ್ವರರ ಒಲೆ

ಥಾಣೆ ರೈಲು ನಿಲ್ದಾಣದಿಂದ ಪಶ್ಚಿಮಕ್ಕೆ ಇಳಿದು ತಹಸೀಲ್ದಾರರ ಕಚೇರಿಯ ಕಡೆ ನಡೆದರೆ, ಕಚೇರಿಗಿಂತ ಮೊದಲು ಜನರ ಗುಂಪು ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಕಚೇರಿಯಲ್ಲಿ ಏನೂ ಕೆಲಸವಿಲ್ಲ. ಅವರು ಬಂದಿರುವುದು ಮಿಸಳ್ ತಿನ್ನಲು. ಒಳಗೆ ಕೂತವರಿಗೆ ಎದುರಾಗುವ ಮುಖ್ಯ ಪ್ರಶ್ನೆ ಒಂದೇ: ಖಾರ ಎಷ್ಟಿರಲಿ? ಕಡಿಮೆ, ಮಧ್ಯಮ, ಜೋರು. ಮೊದಲ ಸಲ ಬಂದು ಜಂಬದಿಂದ ಜೋರು ಎಂದವರು ಮಜ್ಜಿಗೆಗಾಗಿ ಅತ್ತಿತ್ತ ನೋಡುವುದು ಅಲ್ಲಿ ಹೊಸದಲ್ಲ.

ಅಂಗಡಿಯನ್ನು ಊರು ಕರೆಯುವುದು 'ಮಾಮಲೇದಾರ ಮಿಸಳ್' ಎಂದು. ತಹಸೀಲ್ದಾರರಿಗೆ ಹಳೆಯ ಮುಂಬಯಿ ಪ್ರಾಂತ್ಯದಲ್ಲಿದ್ದ ಹೆಸರು ಮಾಮಲೇದಾರ. ಧಾರವಾಡ, ವಿಜಯಪುರ, ಕಾರವಾರದ ಹಿರಿಯರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಿಸಳ್ ಮಾಡಿದ್ದು ಮಾಮಲೇದಾರರಲ್ಲ. 1946ರಲ್ಲಿ ಆ ಕಚೇರಿಯ ಮಗ್ಗುಲಲ್ಲಿ ಒಲೆ ಹೂಡಿದವರು ನರಸಿಂಹ ಮುರ್ಡೇಶ್ವರ. ಊರು ಹೆಸರಿನಲ್ಲೇ ಇದೆ: ಭಟ್ಕಳ ತಾಲೂಕಿನ ಕಡಲ ದಂಡೆಯ ಮುರ್ಡೇಶ್ವರ.

ಇಲ್ಲಿ ಒಂದು ಲೆಕ್ಕ ನೋಡಬೇಕು. 1946ರಲ್ಲಿ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಕಡಲ ದಂಡೆಯಿಂದ ಥಾಣೆಗೆ ಬಂದವರು ಪ್ರಾಂತ್ಯ ದಾಟಿ ಬಂದವರಲ್ಲ. ಉತ್ತರ ಕನ್ನಡದಲ್ಲೂ ಮಾಮಲೇದಾರ, ಥಾಣೆಯಲ್ಲೂ ಮಾಮಲೇದಾರ. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ಒಲೆ ಇದ್ದಲ್ಲೇ ಇತ್ತು, ಮನೆಯವರೂ ಇದ್ದಲ್ಲೇ ಇದ್ದರು. ನಡುವೆ ಗಡಿ ಬಂದು ಅವರ ಮೂಲ ಊರು ಬೇರೆ ರಾಜ್ಯವಾಯಿತು.

ಅಷ್ಟರಲ್ಲಿ ಒಲೆ ಎರಡನೆಯ ಕೈಗೆ ಬಂದಾಗಿತ್ತು. 1952ರಲ್ಲಿ ಜವಾಬ್ದಾರಿ ಹೊತ್ತ ಮಗ ಲಕ್ಷ್ಮಣ ಮುರ್ಡೇಶ್ವರ ಆಗಿನ್ನೂ ಹದಿಹರೆಯದ ಹುಡುಗ.

ಕಚೇರಿಯ ಬಾಗಿಲಲ್ಲಿ ಮಿಸಳ್ ಏಕೆ ನಿಂತಿತು ಎಂಬುದು ಕಚೇರಿಗೆ ಅಲೆದವರಿಗೆ ತಟ್ಟನೆ ಹೊಳೆಯುತ್ತದೆ. ನಮ್ಮಲ್ಲಿ ಪಹಣಿ ಇದ್ದಂತೆ ಅಲ್ಲಿ 'ಸಾತ್‌ಬಾರಾ' ಉತಾರ. ಹೊಲದ ಹಕ್ಕು, ಭಾಗ, ವಾರಸು, ಎಲ್ಲದಕ್ಕೂ ತಾಲೂಕಿನ ರೈತ ಥಾಣೆಗೇ ಬರಬೇಕಿತ್ತು. ಸಾಹೇಬರು ಊಟಕ್ಕೆ ಹೋದರೆ ಯಾವಾಗ ಬರುವರೋ ತಿಳಿಯದು. ಕಾಯುವವನು ದೂರ ಹೋಗುವಂತಿಲ್ಲ, ಹೆಚ್ಚು ಖರ್ಚು ಮಾಡುವಂತಿಲ್ಲ, ಹಸಿದಿರುವಂತೆಯೂ ಇಲ್ಲ. ಬೇಯಿಸಿದ ಕಾಳಿನ ಉಸಳಿ, ಮೇಲೆ ಫರಸಾಣ, ಹೆಚ್ಚಿದ ಈರುಳ್ಳಿ, ಅದರ ಮೇಲೆ ಎಣ್ಣೆ ತೇಲುವ ಕೆಂಪು ತರ್ರಿ, ಪಕ್ಕದಲ್ಲಿ ಪಾವ್. ತಟ್ಟೆ ಬರಲು ತಡವಿಲ್ಲ, ಹೊಟ್ಟೆ ಸಂಜೆಯ ತನಕ ತಡೆಯುತ್ತದೆ. ಮಿಸಳ್ ಎಂದರೆ ಮರಾಠಿಯಲ್ಲಿ ಬೆರಕೆ. ಕಚೇರಿಯ ಮುಂದೆ ಕಾಯುವ ಜನವೂ ಬೆರಕೆಯೇ: ವಕೀಲ, ಗುಮಾಸ್ತ, ರೈತ, ಸಾಕ್ಷಿ ಹಾಕಲು ಬಂದ ನೆಂಟ.

ಆ ತಾಲೂಕಿನ ಹಳ್ಳಿಗಳಲ್ಲೊಂದು ಮಹಾಪೆ. ಇವತ್ತು ಮಹಾಪೆ ಎಂದರೆ ಥಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ವಸಾಹತು, ಗಾಜಿನ ಕಟ್ಟಡಗಳು, ಪಾಳಿಯ ಬಸ್ಸುಗಳು. ಅದಕ್ಕೆ ಮುಂಚೆ ಅದು ಖಾಡಿಯ ಬದಿಯ ಭತ್ತದ ಹೊಲ. ಮೊದಲು ಕೈಗಾರಿಕಾ ನಿಗಮಕ್ಕೆ, 1970ರ ನಂತರ ನವಿ ಮುಂಬಯಿಗೆ ಈ ಪಟ್ಟಿಯ ಹಳ್ಳಿಗಳ ನೆಲ ಹೋಯಿತು. ಹೊಲ ಕಳೆದುಕೊಂಡವನೂ ಅದು ತನ್ನದಾಗಿತ್ತು ಎಂದು ತೋರಿಸಲು ಕಾಗದಕ್ಕಾಗಿ ಥಾಣೆಯ ದಾರಿ ಹಿಡಿಯಬೇಕಿತ್ತು. ಕಾಗದ ಸಿಕ್ಕ ದಿನವೂ ಸಿಗದ ದಿನವೂ ಹಸಿವು ಒಂದೇ.

ಈಗ ಆ ನೆಲದ ಮೇಲೆ ಕೆಲಸ ಮಾಡುವ ಹುಡುಗರು ರಾತ್ರಿ ಪಾಳಿಯಲ್ಲಿ ಬರ್ಗರ್ ತರಿಸುತ್ತಾರೆ. ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದದ್ದು 1996ರಲ್ಲಿ, ದಿಲ್ಲಿ ಮತ್ತು ಮುಂಬಯಿಗೆ. ಅದರ ಆಲೂ ಟಿಕ್ಕಿ ತಯಾರಾಗುವ ಕಾರ್ಖಾನೆ ಮಹಾಪೆಯಿಂದ ತುಸು ದಕ್ಷಿಣಕ್ಕೆ, ತಳೋಜಾದಲ್ಲಿದೆ. ಬಾಂದ್ರಾದಲ್ಲಿ ತಿಂದರೂ ಪುಣೆಯಲ್ಲಿ ತಿಂದರೂ ಒಂದೇ ರುಚಿ, ಒಂದೇ ತೂಕ. ಬ್ರೆಡ್ಡಿನ ಜೊತೆ ಒಂದು ತಿಂಡಿಯನ್ನು ನಂಬಿ ಅಂಗಡಿ ನಡೆಸುವ ವಿದ್ಯೆಯ ಇನ್ನೊಂದು ತುದಿ ಇದು.

ಈ ತುದಿಯೂ ಶುರುವಾದದ್ದು ಒಂದು ಮನೆಯವರ ಅಂಗಡಿಯಿಂದಲೇ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಎಂಬ ಚಿಕ್ಕ ನಗರದಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು 1940ರಲ್ಲಿ ಹೋಟೆಲು ತೆರೆದರು. 1948ರಲ್ಲಿ ಉದ್ದದ ತಿಂಡಿಪಟ್ಟಿಯನ್ನು ಕತ್ತರಿಸಿ, 15 ಸೆಂಟಿನ ಹ್ಯಾಂಬರ್ಗರ್ ಅನ್ನೇ ನೆಚ್ಚಿಕೊಂಡರು. 1961ರಲ್ಲಿ ರೇ ಕ್ರಾಕ್ ಎಂಬ ವ್ಯಾಪಾರಿಗೆ 27 ಲಕ್ಷ ಡಾಲರಿಗೆ ಎಲ್ಲವನ್ನೂ ಮಾರಿದರು. ಮೊದಲ ಅಂಗಡಿಯನ್ನು ಮಾತ್ರ ತಮ್ಮಲ್ಲಿ ಉಳಿಸಿಕೊಂಡರು. ಆದರೆ ಅದರ ಮೇಲೆ ತಮ್ಮದೇ ಹೆಸರು ಹಾಕುವ ಹಕ್ಕು ಅವರಿಗೆ ಉಳಿದಿರಲಿಲ್ಲ. 'ಬಿಗ್ ಎಂ' ಎಂದು ಬೋರ್ಡು ಬದಲಾಯಿಸಿದರು. ಕ್ರಾಕ್ ಹತ್ತಿರದಲ್ಲೇ ಹೊಸ ಮೆಕ್‌ಡೊನಾಲ್ಡ್ಸ್ ತೆರೆದ. ಅಣ್ಣತಮ್ಮಂದಿರ ಅಂಗಡಿ ಮುಚ್ಚಿತು.

ಮುರ್ಡೇಶ್ವರರ ಕತೆ ಇದರ ಪಕ್ಕದಲ್ಲಿಟ್ಟು ನೋಡುವಂಥದ್ದು. ಮಾರಲು ಅವರ ಬಳಿ ತಮ್ಮದೆನ್ನುವ ಹೆಸರೇ ಇರಲಿಲ್ಲ. ಹೆಸರು ಕಚೇರಿಯದು. ನೆಲವೂ ಸರ್ಕಾರದ್ದು. ತಿಂಡಿ ಇಡೀ ಮಹಾರಾಷ್ಟ್ರದ್ದು. ಕೊಲ್ಹಾಪುರ, ಪುಣೆ, ನಾಸಿಕ, ಪ್ರತಿ ಊರೂ ತನ್ನ ಮಿಸಳೇ ಮೇಲು ಎಂದು ಜಗಳಕ್ಕೆ ನಿಲ್ಲುತ್ತದೆ. ಆ ಜಗಳದಲ್ಲಿ ಥಾಣೆಯವರು ಎದೆತಟ್ಟಿ ಹೇಳುವ ಹೆಸರು, ಕನ್ನಡ ಕರಾವಳಿಯಿಂದ ಬಂದ ಮನೆಯೊಂದು ಕುದಿಸಿದ ತರ್ರಿಯದು.

ಅದೂ ಎಂಥ ಊರಲ್ಲಿ? 1966ರಲ್ಲಿ ಹುಟ್ಟಿದ ಶಿವಸೇನೆ ಮರುವರ್ಷವೇ ಮೊದಲ ಬಾರಿಗೆ ಅಧಿಕಾರ ಹಿಡಿದದ್ದು ಥಾಣೆ ಪುರಸಭೆಯಲ್ಲಿ. ದಕ್ಷಿಣದಿಂದ ಬಂದವರು, ಅದರಲ್ಲೂ ಉಡುಪಿ ಹೋಟೆಲಿನವರು, ಆಗ ಸಿಟ್ಟಿಗೆ ಗುರಿಯಾಗಿದ್ದರು. ಅದೇ ಕಾಲದಲ್ಲಿ ದಾದರ್‌ನಲ್ಲಿ ಹುಟ್ಟಿದ ವಡಾಪಾವ್ ಮರಾಠಿ ಹುಡುಗರು ನಡೆಸಬಹುದಾದ ವ್ಯಾಪಾರವೆಂದು ಬೆಂಬಲ ಪಡೆಯಿತು. ಯಾರ ತಿಂಡಿ, ಯಾರ ಊರು ಎಂಬ ಪ್ರಶ್ನೆ ಬೀದಿಯಲ್ಲಿದ್ದ ಆ ವರ್ಷಗಳನ್ನೂ ಕಚೇರಿ ಮಗ್ಗುಲಿನ ಒಲೆ ದಾಟಿತು.

ಇದನ್ನು ಕನ್ನಡಿಗರ ಗೆಲುವು ಎಂದು ಬೀಗುವುದು ಸುಲಭ. ಕನ್ನಡ ಕಳೆದುಹೋಯಿತು ಎಂದು ಕೊರಗುವುದೂ ಅಷ್ಟೇ ಸುಲಭ. ಎರಡೂ ಆ ತಟ್ಟೆಗೆ ಸಲ್ಲದ ಮಾತು. ಮುಂಬಯಿ, ಥಾಣೆಗಳ ನೂರಾರು ಕರಾವಳಿ ಹೋಟೆಲುಗಳು ಇಡ್ಲಿ ದೋಸೆಯನ್ನು ಹೊತ್ತು ತಂದು ಊರಿಗೆ ಉಣಿಸಿದವು. ಈ ಮನೆ ಊರಿನ ತಿಂಡಿಯನ್ನೇ ಕಲಿತು ಊರಿಗೆ ಬಡಿಸಿತು. ಬಂದವರು ಊರಿನವರಾಗುವುದಕ್ಕೆ ಇದೂ ಒಂದು ದಾರಿ, ಮತ್ತು ಇದರ ಬೆಲೆಯೂ ಕಣ್ಣಿಗೆ ಕಾಣುವಂಥದ್ದೇ: ತಿನ್ನುವವರಲ್ಲಿ ಅನೇಕರಿಗೆ ಮಾಮಲೇದಾರ ಎಂಬುದು ಗೊತ್ತು, ಮುರ್ಡೇಶ್ವರ ಗೊತ್ತಿಲ್ಲ.

ಲಕ್ಷ್ಮಣ ಮುರ್ಡೇಶ್ವರ 2020ರಲ್ಲಿ, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊರೊನಾ ವರ್ಷ. ಕಿಕ್ಕಿರಿದು ಕೂತು ತಿನ್ನುವ ಅಂಗಡಿಗಳಿಗೆ ಅದಕ್ಕಿಂತ ಕೆಟ್ಟ ವರ್ಷ ಬಂದಿರಲಿಲ್ಲ. ಆ ಹೊತ್ತಿಗಾಗಲೇ ಅದೇ ಹೆಸರಿನ ಶಾಖೆಗಳು ಬೇರೆಡೆಯೂ ಎದ್ದಿದ್ದವು. ಆ ಶಾಖೆಗಳ ಪಕ್ಕದಲ್ಲಿ ಯಾವ ಮಾಮಲೇದಾರನೂ ಇಲ್ಲ, ಕಾಗದಕ್ಕೆ ಕಾಯುವ ರೈತನೂ ಇಲ್ಲ. ಹೆಸರು ತನ್ನ ಕಚೇರಿಯನ್ನು ಬಿಟ್ಟು ಹೊರಟಿದೆ.

ಹಾಗೆ ಹೊರಟ ಹೆಸರು ಮನೆಯವರ ಕೈಯಲ್ಲೇ ಉಳಿಯುತ್ತದೆಯೇ ಎಂಬುದು ಸ್ಯಾನ್ ಬರ್ನಾರ್ಡಿನೋ ಕೇಳುವ ಪ್ರಶ್ನೆ. ಥಾಣೆಯ ಹಳೆಯ ಅಂಗಡಿಗೆ ಸದ್ಯ ಅದನ್ನು ಯೋಚಿಸಲು ಪುರಸೊತ್ತಿಲ್ಲ. ತರ್ರಿ ಕುದಿಯಬೇಕು, ಪಾವ್ ಬರಬೇಕು, ಬಾಗಿಲಲ್ಲಿ ಜನ ನಿಂತಿದ್ದಾರೆ. ಖಾರ ಎಷ್ಟಿರಲಿ ಎಂದು ಕೇಳಬೇಕು.