ಬಿಳಿ ಚೀಟಿ, ಗುಲಾಬಿ ಚೀಟಿ

1989ರ ನವೆಂಬರಿನಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ಬಂತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲಿನ ಮೊದಲ ಮಹಾಚುನಾವಣೆ. ಮತದಾರರು ಹೆಚ್ಚಿದ್ದರು, ಮತಪತ್ರ ಇಮ್ಮಡಿ, ಬರೆಯುವ ಕೆಲಸವೂ ಇಮ್ಮಡಿ. ಎಲೆಕ್ಷನ್ ಡ್ಯೂಟಿಯ ಆರ್ಡರ್ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ನೆನಪಾಯಿತು. ಸಕಲೇಶಪುರದ ಕಡೆಯ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದ ನನಗೆ ನೆಪ ಹೇಳುವಷ್ಟು ಸರ್ವೀಸೂ ಆಗಿರಲಿಲ್ಲ.

ನಮ್ಮ ತಂಡದ ಪ್ರಿಸೈಡಿಂಗ್ ಆಫೀಸರ್ ರಿಟೈರ್‌ಮೆಂಟಿಗೆ ಹತ್ತಿರವಾಗಿದ್ದ ಒಬ್ಬ ಹೆಡ್‌ಮಾಸ್ಟರು. ಜೊತೆಗೆ ಮಂಡಲ ಪಂಚಾಯಿತಿಯ ಕಾರ್ಯದರ್ಶಿ, ಒಬ್ಬ ಗುಮಾಸ್ತೆ ಮೇಡಂ, ನಾನು. ಮಸ್ಟರಿಂಗ್ ಜಾಗದಲ್ಲಿ ಎಲ್ಲರೂ ಸಾಮಾನು ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದರೆ, ನಮ್ಮ ಸಾಹೇಬರು ಮೈದಾನದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಮತಪೆಟ್ಟಿಗೆ, ಅರಗು, ಮೇಣದಬತ್ತಿ, ದಾರ, ಹಿತ್ತಾಳೆ ಸೀಲು, ಸ್ಟಾಂಪ್ ಪ್ಯಾಡು, ಕಡೆಗೆ ಗುಂಡುಪಿನ್ನುಗಳನ್ನೂ ಪಟ್ಟಿ ಹಿಡಿದು ಎಣಿಸಿದರು. ‘ಅಲ್ಲಿ ಹೋದ ಮೇಲೆ ಅಂಗಡಿ ಇರಲ್ಲ ಕಣ್ರೀ’ ಎಂದರು.

ಅಂಗಡಿ ಇರಲಿ, ಕರೆಂಟೂ ಇರಲಿಲ್ಲ. ಶಾಲೆಯ ಎರಡು ಬೆಂಚು ಕೂಡಿಸಿ, ಲಾಟೀನು ಇಟ್ಟುಕೊಂಡು ರಾತ್ರಿ ಕೆಲಸಕ್ಕೆ ಕೂತೆವು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ: ಆಗ ಪ್ರತಿಯೊಂದು ಮತಪತ್ರದ ಬೆನ್ನಿಗೂ ಮತಗಟ್ಟೆಯ ಗುರುತಿನ ಮೊಹರು ಬೀಳಬೇಕು, ಪ್ರಿಸೈಡಿಂಗ್ ಆಫೀಸರರ ಪೂರ್ತಿ ಸಹಿ ಬೀಳಬೇಕು. ಲೋಕಸಭೆಯ ಬಿಳಿ ಚೀಟಿಗೆ ಒಂದು, ವಿಧಾನಸಭೆಯ ಗುಲಾಬಿ ಚೀಟಿಗೆ ಇನ್ನೊಂದು. ಮೇಡಂ ಚೀಟಿ ಸರಿಸಿ ಕೊಡುವುದು, ನಾನು ಮೊಹರು ಒತ್ತುವುದು, ಸಾಹೇಬರು ಸಹಿ ಹಾಕುವುದು. ಗ್ರಾಮಲೆಕ್ಕಿಗರು ಮಾಡಿಸಿಟ್ಟಿದ್ದ ಅಕ್ಕಿರೊಟ್ಟಿ, ಕಾಯಿಚಟ್ನಿ ಮಧ್ಯೆ ಬಂತು. ‘ಇದರ ದುಡ್ಡು ಎಷ್ಟಾಯ್ತು?’ ಎಂದು ಕೇಳಿ, ಕೊಟ್ಟ ಮೇಲೇ ಸಾಹೇಬರು ಕೈ ತೊಳೆದದ್ದು. ಯಾವ ಪಾರ್ಟಿಯವರ ಮನೆಯಿಂದಲೂ ಒಂದು ಲೋಟ ಕಾಫಿ ಬರಕೂಡದೆಂದು ಅವರು ಮೊದಲೇ ಹೇಳಿದ್ದರು.

ಬೆಳಿಗ್ಗೆ ಏಜೆಂಟರ ಮುಂದೆ ಪೆಟ್ಟಿಗೆ ಮಗುಚಿ, ತಟ್ಟಿ, ಖಾಲಿಯೆಂದು ತೋರಿಸಿ, ಅವರ ಸಹಿ ಬಿದ್ದ ಪೇಪರ್ ಸೀಲು ಹಚ್ಚಿ ಮುಚ್ಚಿದೆವು. ಬಾಗಿಲು ತೆರೆಯುವ ಹೊತ್ತಿಗೆ ಸಾಲು ಜಗಲಿ ದಾಟಿ ಧ್ವಜಕಂಬದವರೆಗೆ ಬೆಳೆದಿತ್ತು. ಮತದಾರರ ಪಟ್ಟಿ ನನ್ನ ಕೈಯಲ್ಲಿ. ಫೋಟೋ ಇರುವ ಗುರುತಿನ ಚೀಟಿ ಇನ್ನೂ ಬಂದಿರದ ಕಾಲ. ಹೆಸರು ಕೂಗುವುದು, ಏಜೆಂಟರು ‘ಹೌದು, ಅವಳೇ’ ಎನ್ನುವುದು, ಅಷ್ಟೇ ಪರೀಕ್ಷೆ. ‘ನಿಮ್ಮ ಯಜಮಾನರ ಹೆಸರೇನಮ್ಮಾ?’ ಎಂದು ಒಬ್ಬ ಹಿರಿಯ ಹೆಂಗಸನ್ನು ಕೇಳಿದೆ. ಗಂಡನ ಹೆಸರು ಬಾಯಲ್ಲಿ ಹೇಳುವುದುಂಟೇ? ಸೆರಗು ಬಾಯಿಗೆ ಹಿಡಿದು, ‘ಏಳು ಬೆಟ್ಟದ ಮೇಲವ್ನಲ್ಲ ದೇವ್ರು, ಅವನ ಹೆಸರೇಯ’ ಎಂದಳು. ಎರಡು ಪಾರ್ಟಿಯ ಏಜೆಂಟರೂ ಒಟ್ಟಿಗೇ ‘ವೆಂಕಟೇಗೌಡ!’ ಎಂದರು. ಆ ದಿನ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಮಧ್ಯಾಹ್ನದ ಹೊತ್ತಿಗೆ ಮೀಸೆ ಬಿಟ್ಟ ಹುಡುಗನೊಬ್ಬ ಬಂದ. ‘ಇವನು ಅವನಲ್ಲ’ ಎಂದು ಒಬ್ಬ ಏಜೆಂಟ್ ನಿಯಮದಂತೆ ಎರಡು ರೂಪಾಯಿ ಕಟ್ಟಿ ತಕರಾರು ಎತ್ತಿದ. ಸಾಹೇಬರು ತಳವಾರನನ್ನು ಕರೆಸಿದರು. ‘ನಮ್ಮೂರ ಹೈದನೇ ಸ್ವಾಮಿ, ಬೆಂಗ್ಳೂರು ಹೋಟ್ಲಲ್ಲಿದ್ದ, ಮೀಸೆ ಬಿಟ್ಕೊಂಡು ಬಂದವ್ನೆ’ ಎಂದು ಅವನು ಸಾಕ್ಷಿ ನುಡಿದ. ಹುಡುಗ ಮೀಸೆ ತೀಡುತ್ತಲೇ ಚೀಟಿ ತೆಗೆದುಕೊಂಡು ಹೋದ.

ಚೀಟಿ ಕೊಡುವಾಗ ಕಾರ್ಯದರ್ಶಿಗಳದು ಒಂದೇ ಮಂತ್ರ: ‘ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ.’ ಮಡಿಕೆ ತಪ್ಪಿದರೆ ಮಸಿ ಇನ್ನೊಂದು ಚಿಹ್ನೆಗೂ ತಗಲುತ್ತಿತ್ತು. ಹಾಗೆ ತಗಲಿದರೂ ಬಾಣದ ಗುರುತು ತಿರುಗುಮುರುಗಾಗಿ ಮೂಡುವುದರಿಂದ ಎಣಿಸುವವರಿಗೆ ನಿಜವಾದ ಮೊಹರು ಯಾವುದೆಂದು ತಿಳಿಯುತ್ತಿತ್ತು. 1962ರಿಂದ ದೇಶಕ್ಕೆಲ್ಲ ಹೋಗುತ್ತಿದ್ದ ಮೈಸೂರಿನ ಶಾಯಿ ಹಚ್ಚುವ ಕೆಲಸ ಮೇಡಂ ಅವರದು. ಮತದಾರರ ಒಂದು ಬೆರಳಿಗೆ ಶಾಯಿಯಾದರೆ ಸಂಜೆಗೆ ಅವರ ಐದು ಬೆರಳೂ ಕಪ್ಪು. ‘ನಮ್ಮ ಮನೇಲಿ ಐದು ಓಟು ಹಾಕಿ ಬಂದಳು ಅಂತಾರೆ’ ಎಂದು ನಕ್ಕರು.

ಸಮಯ ಮುಗಿಯುವಾಗಲೂ ಜನ ನಿಂತೇ ಇದ್ದರು. ಸಾಹೇಬರು ಸಹಿ ಮಾಡಿದ ತುಂಡು ಕಾಗದಗಳನ್ನು ಸಾಲಿನ ತುದಿಯಲ್ಲಿದ್ದವನಿಂದ ಶುರುಮಾಡಿ ಹಿಂದಿನಿಂದ ಮುಂದಕ್ಕೆ ಹಂಚಿದರು. ಹೊಸಬರು ಯಾರೂ ಹಿಂದೆ ಸೇರಿಕೊಳ್ಳದಿರಲೆಂದು. ಕೊನೆಯ ಚೀಟಿ ಪೆಟ್ಟಿಗೆಗೆ ಬಿದ್ದ ಮೇಲೆ ಅರಗು ಕಾಯಿಸುವ ಕೆಲಸ. ಬಿಸಿ ಅರಗು ಬೆರಳಿಗೆ ಬೀಳದ ಪೋಲಿಂಗ್ ಆಫೀಸರ್ ಆ ಕಾಲದಲ್ಲಿ ಇರಲಿಲ್ಲ. ಡಿಮಸ್ಟರಿಂಗಿಗೆ ತಾಲ್ಲೂಕು ಮುಟ್ಟಿದಾಗ ನಡುರಾತ್ರಿ. ಕವರುಗಳನ್ನೆಲ್ಲ ಒಪ್ಪಿಸಿ ರಸೀದಿ ಕೈಗೆ ಬಂದಾಗ ಸಾಹೇಬರು ನಮಗೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಸಿದರು.

2004ರ ಲೋಕಸಭಾ ಚುನಾವಣೆಯಿಂದ ಎಲ್ಲ ಕ್ಷೇತ್ರಕ್ಕೂ ಮತಯಂತ್ರ ಬಂತು. ಅರಗು ಉಳಿಯಿತು, ರಾತ್ರಿಯೆಲ್ಲ ಸಹಿ ಹಾಕುವ ಕೆಲಸ ಹೋಯಿತು. ಒಳ್ಳೆಯದೇ ಆಯಿತು, ಆ ಕಷ್ಟ ಮತ್ತೆ ಬರಲೆಂದು ನಾನಂತೂ ಹಾರೈಸಲಾರೆ. ಸಾಹೇಬರು ಈಗಿಲ್ಲ. ಕಾರ್ಯದರ್ಶಿಗಳೂ ಮೇಡಂ ಅವರೂ ಮದುವೆ ಮನೆಗಳಲ್ಲಿ ಸಿಗುತ್ತಾರೆ. ಸಿಕ್ಕರೆ ಊಟಕ್ಕೆ ಮೊದಲು ವೆಂಕಟೇಗೌಡರ ಹೆಂಡತಿಯ ಮಾತು ಬರಲೇಬೇಕು.

ಪೆಟ್ಟಿಗೆಯಿರಲಿ ಯಂತ್ರವಿರಲಿ, ಹಿಂದಿನ ರಾತ್ರಿ ಶಾಲೆಯ ನೆಲದ ಮೇಲೆ ಮಲಗಿ, ಬೆಳಕು ಹರಿಯುವ ಮೊದಲೇ ಎದ್ದು ಕೂತ ನಾಲ್ಕೈದು ಜನ ಇಲ್ಲದೆ ಚುನಾವಣೆ ನಡೆಯುವುದಿಲ್ಲ. ಮುಂದಿನ ಸಲ ಸಾಲು ಉದ್ದವಾಯಿತೆಂದು ಅವರ ಮೇಲೆ ರೇಗಬೇಡಿ. ಕ್ರಮಸಂಖ್ಯೆಯ ಚೀಟಿ ಕೈಯಲ್ಲೇ ಇಟ್ಟುಕೊಂಡು ಹೋಗಿ. ಅವರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅದೇ.