ಯಾರ್ಕ್‌ಶೈರಿನ ಮಳೆಯೂ ಸೈಕಲ್ ಸವಾರನ ನಕಾಶೆಯೂ

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಶೈರ್ ಡೇಲ್ಸ್ ಎಂಬ ಕಣಿವೆನಾಡು 1954ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸುಣ್ಣಕಲ್ಲಿನ ಗುಡ್ಡಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ನಡುವೆ ಕುರಿ ಮೇಯುವ ಹಸಿರು, ಇವು ಆ ನಾಡಿನ ಸಿರಿ. ನಮ್ಮ ಸೋದರಳಿಯ ಲೀಡ್ಸ್ ನಗರದಲ್ಲಿ ನೌಕರಿಯಲ್ಲಿರುವುದರಿಂದ, ಕಳೆದ ಆಗಸ್ಟಿನಲ್ಲಿ ಅವರ ಕುಟುಂಬದೊಡನೆ ಆ ನಾಡನ್ನು ಸೈಕಲ್ ಮೇಲೆ ಸಂಚರಿಸಿ ನೋಡುವ ಸುಯೋಗ ನಮಗೊದಗಿತು. ಅರವತ್ತು ದಾಟಿದ ಮೇಲೆ ಸೈಕಲ್ಲೇ ಎಂದು ವಾಚಕರು ನಗಬಹುದು. ಅಲ್ಲಿ ನಮಗಿಂತ ಹಿರಿಯರೂ ನಿಶ್ಚಿಂತೆಯಿಂದ ಪೆಡಲ್ ತುಳಿಯುತ್ತಾರೆ.

ಪಶ್ಚಿಮ ಕರಾವಳಿಯ ಮೋರ್‌ಕಂಬ್‌ನಿಂದ ಪೂರ್ವ ಕರಾವಳಿಯ ಬ್ರಿಡ್‌ಲಿಂಗ್ಟನ್‌ವರೆಗೆ 170 ಮೈಲು ಸಾಗುವ ‘ವೇ ಆಫ್ ದ ರೋಸಸ್’ ಎಂಬ ಸೈಕಲ್ ಮಾರ್ಗವು 2010ರಲ್ಲಿ ಆರಂಭವಾಯಿತು. ನಾವು ಕ್ರಮಿಸಿದ್ದು ಸೆಟ್ಲ್ ಊರಿನಿಂದ ಪೇಟ್ಲಿ ಬ್ರಿಜ್ ಮುಖಾಂತರ ರಿಪನ್‌ವರೆಗಿನ ಭಾಗವನ್ನು ಮಾತ್ರ. ಹೊರಡುವ ಮುನ್ನಾದಿನ ಅಳಿಯನ ಮಗಳು, “ಫೋನಿನ್ಯಾಗ ಎಲ್ಲಾ ದಾರಿ ಕಾಣಸ್ತದಲ್ಲ ಅಜ್ಜಾ, ಮತ್ತ ಈ ಕಾಗದಾ ಯಾಕ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಆದರೆ ಮಳೆಹನಿ ಬಿದ್ದ ಗಾಜಿನ ಪರದೆ ಬೆರಳಿನ ಮಾತು ಕೇಳುವುದಿಲ್ಲ; ಆಳವಾದ ಕಣಿವೆಗಳಲ್ಲಿ ಸಂಕೇತ ಸಿಗುವುದಿಲ್ಲ; ಬ್ಯಾಟರಿಗೂ ಮಿತಿಯುಂಟು. ಮೇಲಾಗಿ ಅಂಗೈಯಗಲದ ಪರದೆಯು ದಾರಿಯನ್ನು ತೋರೀತೇ ಹೊರತು ನಾಡನ್ನು ತೋರದು. ಬಿಡಿಸಿದ ಹಾಳೆಯಲ್ಲಾದರೋ ನಾಲ್ಕು ದಿಕ್ಕಿನ ಊರು, ಹೊಳೆ, ಗುಡ್ಡಗಳೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ.

ಬ್ರಿಟನ್ನಿನ ಸರಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯು 1791ರಲ್ಲಿ ಹುಟ್ಟಿದುದು. ಅದರ ನಕಾಶೆಗಳಲ್ಲಿ ಎರಡು ಬಗೆ ಪ್ರಸಿದ್ಧ. ಗುಲಾಬಿ ಬಣ್ಣದ ಹೊದಿಕೆಯ ಲ್ಯಾಂಡ್‌ರೇಂಜರ್‌ನಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಒಂದು ಹಾಳೆ 40 ಕಿಲೋಮೀಟರ್ ಚೌಕದ ನಾಡನ್ನು ಒಳಗೊಳ್ಳುತ್ತದೆ. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್‌ನಲ್ಲಿ ಅದೇ ಒಂದು ಕಿಲೋಮೀಟರಿಗೆ ನಾಲ್ಕು ಸೆಂಟಿಮೀಟರು. ಹೊಲದ ಗೋಡೆಗಳು ಕೂಡ ಕಾಣುತ್ತವೆ. ನಡೆಯುವವನಿಗೆ ಇದು ಅಮೂಲ್ಯ. ಸೈಕಲ್ ಸವಾರನಾದರೋ ಒಂದು ಹೊತ್ತಿನಲ್ಲೇ ಅದರ ಅಂಚನ್ನು ದಾಟಿಬಿಡುತ್ತಾನೆ. ಹಳ್ಳಿಯ ರಸ್ತೆ ಹಿಡಿದು ಹೋಗುವವನಿಗೆ ಲ್ಯಾಂಡ್‌ರೇಂಜರೇ ಲೇಸೆಂಬುದು ನಮ್ಮ ಅಭಿಪ್ರಾಯ. ನಮ್ಮ ಮಾರ್ಗಕ್ಕೆ 98 ಮತ್ತು 99ನೆಯ ಹಾಳೆಗಳು ಮುಖ್ಯವಾಗಿ ಬೇಕಾದವು.

ಇನ್ನು ಮಳೆಯ ಮಾತು. ಕಾಗದವೆಂಬುದು ನಾರಿನ ಹೆಣಿಗೆ. ನೀರು ಹೊಕ್ಕರೆ ನಾರುಗಳ ಹಿಡಿತ ಸಡಿಲಾಗುತ್ತದೆ. ಹಾಳೆಯು ಮೊದಲು ಹರಿಯುವುದು ಎರಡು ಮಡಿಕೆಗಳು ಸಂಧಿಸುವ ಮೂಲೆಯಲ್ಲಿ; ನಮಗೆ ಬೇಕಾದ ಊರು ಅಲ್ಲಿಯೇ ಇರುವುದು ಲೋಕಾರೂಢಿ! ಓಲೆಗರಿಗಳಿಗೆ ಎಣ್ಣೆ ಸವರಿ ಕಾಪಾಡಿದ ನಮ್ಮ ಹಿರಿಯರಿಗೆ ಈ ಕಷ್ಟ ಹೊಸತಲ್ಲ. ಇದಕ್ಕೆ ಅಲ್ಲಿ ಎರಡು ಪರಿಹಾರಗಳುಂಟು. ಮೊದಲನೆಯದು, ಕಾಗದದ ಎರಡೂ ಬದಿಗೆ ಪ್ಲಾಸ್ಟಿಕ್ ಪೊರೆ ಹೊದಿಸುವುದು. ಆರ್ಡ್‌ನನ್ಸ್ ಸರ್ವೆಯ ‘ಆ್ಯಕ್ಟಿವ್’ ನಕಾಶೆಗಳು ಈ ಜಾತಿಯವು. ಮಳೆಗೆ ಹೆದರುವುದಿಲ್ಲ; ಮೇಲೆ ಬರೆದು ಒರೆಸಲೂಬಹುದು. ಆದರೆ ಭಾರ ಹೆಚ್ಚು. ಚಿಕ್ಕದಾಗಿ ಮಡಿಸಲು ಹೋದರೆ ಬುಗ್ಗೆಯಂತೆ ಎದ್ದು ನಿಲ್ಲುತ್ತದೆ. ಬಹುಕಾಲ ಬಳಸಿದ ಮೇಲೆ ಮಡಿಕೆಯಲ್ಲಿ ಪೊರೆ ಬಿರಿದು ಅಲ್ಲಿಂದ ನೀರು ಒಳಸೇರುವುದೂ ಉಂಟು. ಎರಡನೆಯದು, ಕಾಗದವನ್ನೇ ಬಿಟ್ಟು ಪಾಲಿಥೀನ್ ಹಾಳೆಯ ಮೇಲೆಯೇ ಮುದ್ರಿಸುವುದು. ಸ್ಕಾಟ್ಲೆಂಡಿನ ಹಾರ್ವೆ ಎಂಬ ಪ್ರಕಾಶಕರು ಹೀಗೆ ಮಾಡುತ್ತಾರೆ. ಇದು ಹಗುರ, ಅಂಗಿಯ ಜೇಬಿನೊಳಗೆ ಅಡಗುತ್ತದೆ, ನೀರನ್ನು ಹೀರುವುದೇ ಇಲ್ಲ. ಕೊಂಡುಕೊಳ್ಳುವಾಗ ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ನೋಡುವುದೇ ಪರೀಕ್ಷೆ. ಗಾಳಿಯಲ್ಲಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಮಡಿಸಲಾಗದ ನಕಾಶೆ ಎಷ್ಟು ಬಾಳಿಕೆಯದಾದರೇನು? ಗುಡ್ಡಗಾಡಿನ ಪ್ರದೇಶಗಳನ್ನೇ ಆಯ್ದು ಮುದ್ರಿಸುವುದರಿಂದ ಹಾರ್ವೆಯ ಹಾಳೆಗಳು ಎಲ್ಲ ಊರಿಗೂ ದೊರೆಯುವುದಿಲ್ಲ. ಆದಕಾರಣ ನಾವು ಪೊರೆ ಹೊದಿಸಿದ ಲ್ಯಾಂಡ್‌ರೇಂಜರನ್ನೇ ಆರಿಸಿ, ದಿನದ ಭಾಗವಷ್ಟೇ ಮೇಲೆ ಬರುವಂತೆ ಮಡಿಸಿ, ಹ್ಯಾಂಡಲ್ಲಿನ ಪಾರದರ್ಶಕ ಚೀಲದಲ್ಲಿ ಇಟ್ಟುಕೊಂಡೆವು.

ಆ 99ನೆಯ ಹಾಳೆಯಲ್ಲಿ ನಾರ್ಥಲರ್ಟನ್ ಎಂಬ ಪಟ್ಟಣವಿದೆ. ಅದರ ಸಮೀಪ ಹುಟ್ಟಿದವನೇ ವಿಲಿಯಂ ಲ್ಯಾಂಬ್‌ಟನ್. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದ್ರಾಸಿನಿಂದ ಭಾರತದ ಮಹಾ ತ್ರಿಕೋನಮಾಪನವನ್ನು ಆರಂಭಿಸಿದ ಪುರುಷನೀತ. ಕನ್ನಡನಾಡನ್ನು ಅಳೆದವನ ತವರನ್ನು ನಾವು ಬೆರಳಿನಿಂದ ಅಳೆಯುತ್ತ ಕುಳಿತೆವು.

ಗ್ರೀನ್‌ಹೌ ಎಂಬ ಎತ್ತರದ ಹಳ್ಳಿಯನ್ನು, ಅದು ಸುಮಾರು 400 ಮೀಟರ್ ಎತ್ತರದಲ್ಲಿದೆ, ನಾವು ಏರಿದಾಗ ಮೋಡ ನೆಲಕ್ಕಿಳಿದು ಮಳೆ ಹಿಡಿದಿತ್ತು. ಇಪ್ಪತ್ತು ಮಾರು ಮುಂದೆ ಕಾಣದು. ಎದುರಿಗೆ ಪೇಟ್ಲಿ ಬ್ರಿಜ್ಜಿಗೆ ಇಳಿಯುವ ರಸ್ತೆ. ಈ ನಕಾಶೆಗಳಲ್ಲಿ ರಸ್ತೆಯ ಮೇಲೆ ಬಾಣದ ತಲೆಯಂಥ ಗುರುತುಗಳಿರುತ್ತವೆ: ಒಂದಿದ್ದರೆ ಏಳಕ್ಕೆ ಒಂದರಿಂದ ಐದಕ್ಕೆ ಒಂದರವರೆಗಿನ ಇಳಿಜಾರು, ಎರಡಿದ್ದರೆ ಅದಕ್ಕೂ ಕಡಿದು. ಹುಡುಗಿಯೇ ಬಗ್ಗಿ ನೀರನ್ನು ಒರೆಸಿ, ಆ ಗುರುತನ್ನು ಕಂಡು, “ಅಜ್ಜಾ, ಇಲ್ಲೆ ಇಳದು ನಡಿಯೋಣ” ಎಂದಳು. ಒದ್ದೆಯಾದ ಬ್ರೇಕನ್ನು ನಂಬಿ ಅಂಥ ಇಳಿಜಾರಿನಲ್ಲಿ ಮಗುವನ್ನು ಬಿಡುವುದುಂಟೇ? ಎಲ್ಲರೂ ಸೈಕಲ್ ತಳ್ಳಿಕೊಂಡೇ ಇಳಿದೆವು.

ಇನ್ನೊಂದು ವಿಷಯ. ಅಲ್ಲಿನ ಹೊಲಗಳ ನಡುವಣ ಕಾಲುದಾರಿಗಳಲ್ಲಿ ಸೈಕಲ್ ಸವಾರನಿಗೆ ಹಕ್ಕಿಲ್ಲ. ಕುದುರೆದಾರಿಗಳಲ್ಲಿ 1968ರ ಕಾಯ್ದೆಯಂತೆ ಹಕ್ಕುಂಟು. ನಕಾಶೆಯಲ್ಲಿ ಮೊದಲನೆಯದು ಗಿಡ್ಡ ಗೆರೆಗಳ ಸಾಲು, ಎರಡನೆಯದು ಉದ್ದ ಗೆರೆಗಳ ಸಾಲು. ಅಲ್ಲಿರುವ ಮಕ್ಕಳ ಮನೆಗೆ ಹೋಗುವ ವಾಚಕರು ಹಾಳೆಯನ್ನು ಕೊಳ್ಳುವಾಗ ಈ ಗೆರೆಗಳನ್ನು ತಮ್ಮ ಕನ್ನಡಕದಲ್ಲಿ ಓದಲಾಗುವುದೋ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳತಕ್ಕದ್ದು.